ಸಿದ್ದಮ್ಮನ ಮಾತ್ರೆ

ಅನಂತರಾಜು ಏದುಸಿರು ಬಿಡುತ್ತಾ ಮಹಡಿ ಮೆಟ್ಟಿಲು ಹತ್ತಿ ಬರುವುದನ್ನು ಸಿದ್ದಮ್ಮ ಬಾಗಿಲಲ್ಲೇ ನಿಂತು ಕಣ್ತುಂಬ ನೋಡಿದಳು. ಅವನು ಎರಡು ಕಡೆ ನಿಂತು ಸುಧಾರಿಸಿಕೊಂಡ. ನೀರು ಬೇಕೇ ಅಂತಲೂ ಅವಳು ಕೇಳಲಿಲ್ಲ. ಅವಳ ಹೊಟ್ಟೆ ತಣ್ಣಗಾಯಿತು.

ಆಗದೆ ಇನ್ನೇನು? ರಾಮನಗರದ ಇವನ ರೇಷ್ಮೆ ಬಿಚ್ಚಾಣಿಕೆ ಘಟಕದಲ್ಲಿ ಹದಿನಾರು ವರ್ಷ ಬಿಸಿನೀರಿನ ಮುಂದೆ ಕೂತು ಗೂಡಿನಿಂದ ನೂಲು ತೆಗೆದವಳು ಅವಳು. ಹುಳ ಬೆಂದ ಹಬೆಗೆ ಉಸಿರು ಕಟ್ಟುತ್ತದೆ, ಕಿಟಕಿ ತೆಗೆಸಿ ಎಂದು ಬೇಡಿಕೊಂಡರೆ, ಗಾಳಿಗೆ ಎಳೆ ಕಡಿಯುತ್ತದೆಂದು ಆ ಕಿಟಕಿಗೇ ಇಟ್ಟಿಗೆ ಕಟ್ಟಿಸಿದ ಮಹಾನುಭಾವ ಈತ. ಈಗ ಅವಳ ಶ್ವಾಸಕೋಶ ಉರಿಯೂತದಿಂದ ಕಲೆಗಟ್ಟಿ ಗಡುಸಾಗಿದೆ. ಬೆಂಗಳೂರಿನ ಡಾಕ್ಟರು ಕೊಟ್ಟ ಮಾತ್ರೆ ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿ ಆ ಉರಿಯೂತವನ್ನು ತಡೆದಿದೆ. ಯಾರಿಗೆ ನೆಗಡಿಯಾದರೂ ಅವಳು ದೂರ ನಿಲ್ಲಬೇಕು, ತಿಂಗಳು ತಿಂಗಳು ರಕ್ತಪರೀಕ್ಷೆ ಮಾಡಿಸಬೇಕು. ಅವಳು ಕೆಲಸ ಬಿಟ್ಟಾಗ, ಸೋಮಾರಿಯ ನಾಟಕ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನೂ ಇವನೇ.

ಅಂಥವನಿಗೂ ಕೆಮ್ಮು ಶುರುವಾಗಿ ಮೂರು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ತನ್ನನ್ನು ಯಾರಾದರೂ ಕಂಡರೆ ಮಗಳು ಸುಚಿತ್ರಾಗೆ ಗೊತ್ತು ಮಾಡಿದ್ದ ಮಾಗಡಿಯ ಸಂಬಂಧ ಮುರಿಯುತ್ತದೆಂಬ ಭಯ. ಅದಕ್ಕೇ ಕದ್ದು ಇಲ್ಲಿಗೆ ಬಂದಿದ್ದ.

"ಅದೇ ಹಬೆ, ಅದೇ ಕೆಮ್ಮು ಕಣಕ್ಕ. ನಿನ್ ಮಾತ್ರೆನೇ ಒಂದ್ ಶೀಟ್ ಕೊಡು," ಎಂದ.

ಸಂಜೆಯಾದರೆ ಜ್ವರ, ರಾತ್ರಿಯೆಲ್ಲ ಬೆವರು ಎಂದೂ ಅವನೇ ಹೇಳಿಕೊಂಡ. ಸಿದ್ದಮ್ಮ ಮೂಗಿಗೆ ಸೆರಗು ಮುಚ್ಚಿ ಹಿಂದೆ ಸರಿದಳು. ಈ ಮಾತ್ರೆ ಶುರುಮಾಡುವ ಮೊದಲು ಡಾಕ್ಟರು ಇದೇ ಜ್ವರ, ಇದೇ ಬೆವರು ಇದೆಯೇ ಎಂದು ಕೇಳಿ ಅವಳಿಗೆ ಕ್ಷಯದ ಪರೀಕ್ಷೆ ಮಾಡಿಸಿದ್ದರು. ಒಳಗೆ ಕ್ಷಯವಿದ್ದವರು ಇದನ್ನು ತಿಂದರೆ ರೋಗ ಮೈತುಂಬ ಹಬ್ಬಿ ಆಳೇ ಉಳಿಯುವುದಿಲ್ಲ ಎಂದು ನರ್ಸ್ ಬಿಡಿಸಿ ಹೇಳಿದ್ದಳು.

ಸಿದ್ದಮ್ಮ ಒಳಗೆ ಹೋಗಿ ಶೀಟ್ ತಂದಳು. ಕೊಟ್ಟರೆ ಕೇಳುವವರು ಯಾರು? ಅವನಾಗೇ ಬೇಡಿ ಇಸಿದುಕೊಂಡಂತಾಗುತ್ತದೆ. ಅವನು ಕೈ ಚಾಚಿದ. ಅವಳು ಶೀಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೊಡಾಕಿಲ್ಲ. ಇದ ತಿಂದ್ರೆ ಬಿರ್ನೆ ಸತ್ತೋಯ್ತೀಯ. ಅಷ್ಟು ಸಲೀಸಾಗಿ ನಿನ್ನ ಬುಡಾಕಿಲ್ಲ ನಾನು. ನಾಳೆನೇ ಸರ್ಕಾರಿ ಆಸ್ಪತ್ರೆಗೋಗಿ, ನಿನ್ ಕೆಲ್ಸದೋರ ಜೊತೇಲೆ ಸಾಲಲ್ಲಿ ನಿಂತು ಕಫ ಪರೀಕ್ಷೆ ಮಾಡ್ಸು. ಬದುಕ್ಬೇಕು ಕಣಪ್ಪ ನೀನು. ನನ್ನಂಗೇ ಒಂದೊಂದ್ ಉಸ್ರೂ ಎಳ್ಕೊಂಡು ಎಳ್ಕೊಂಡು, ಬಾಳ ವರ್ಷ ಬದುಕ್ಬೇಕು."