ಹಿಕ್ಕೆ ಬಿದ್ದ ಹೊಲ

ತಮ್ಮೂರು ಕಂಗ್ಟಿ ಬಿಟ್ಟು ಹದಿನೆಂಟು ದಿನವಾಗಿತ್ತು. ಕಲ್ಹೇರ್ ಕಡೆಯ ಹೊಲಗಳಲ್ಲಿ ಒಂದು ವಾರ ಕಳೆದು, ನಾರಾಯಣಖೇಡದ ಹೊರಗಿನಿಂದ ಸುತ್ತಿ ರಾಯಿಕೋಡ್ ಮುಟ್ಟುವಷ್ಟರಲ್ಲಿ ಮೋನಮ್ಮನ ಎಡ ಹಿಮ್ಮಡಿ ಚಪ್ಪಲಿಯಲ್ಲಿ ಹಿಡಿಸದಷ್ಟು ಊದಿತ್ತು. ಜಾಲಿ ಮುಳ್ಳು. ಗಂಡ ಬೀರಣ್ಣ ಸೂಜಿಯಿಂದ ಕೆದಕಿ ತೆಗೆದಿದ್ದ. ತುದಿ ಒಳಗೇ ಉಳಿದಿತ್ತು. ರಾಯಿಕೋಡಿನ ಡಾಕ್ಟರು ಕೀವು ತೆಗೆದು, ಸೂಜಿ ಚುಚ್ಚಿ, ಪಟ್ಟಿ ಕಟ್ಟಿ, ಮೂರು ದಿನ ಕಾಲು ನೆಲಕ್ಕೆ ಊರಬಾರದು ಎಂದ. ಊರಿದರೆ ವಿಷ ಏರುತ್ತದೆ, ಆಮೇಲೆ ನನ್ನ ಹತ್ತಿರ ಬರಬೇಡಿ ಎಂದೂ ಅಂದ. ಮೋನಮ್ಮ ಹೂಂ ಎಂದು ಹೊರಗೆ ಬಂದು, ಕುರಿಗಳ ಹಿಂದೆ ಮತ್ತೆ ನಡೆದಳು.

ಬೇರೆ ದಾರಿ ಇರಲಿಲ್ಲ. ನೂರಾ ನಲವತ್ತು ಕುರಿ, ಎರಡು ನಾಯಿ, ಒಂದು ಕತ್ತೆ, ಇವರಿಬ್ಬರು. ಕತ್ತೆಯ ಬೆನ್ನ ಮೇಲೆ ಬಲೆ, ಗೂಟ, ಪಾತ್ರೆ, ಕಂಬಳಿ ಮತ್ತು ದಾರಿಯಲ್ಲಿ ಹುಟ್ಟಿದ ಮೂರು ಮರಿ ಇದ್ದವು. ಮರಿಗಳು ನಡೆಯಲಾರವು, ಮೋನಮ್ಮ ನಡೆಯುತ್ತಾಳೆ. ಅದರಲ್ಲಿ ಮಾತಾಡುವಂಥದ್ದೇನೂ ಇರಲಿಲ್ಲ.

ಅವರ ಜೊತೆ ಹೊರಟ ಇನ್ನೆರಡು ಹಿಂಡು ಮುಂದೆ ಹೋಗಿ ತಾಂಡೂರಿನ ಈಚೆಗೆ ಬೀಡು ಬಿಟ್ಟಿದ್ದವು. ಮೋನಮ್ಮನ ತಮ್ಮ ಭೀಮೇಶ ಅಲ್ಲಿಂದ ದಿನಾ ಫೋನ್ ಮಾಡುತ್ತಿದ್ದ. "ಬರೋ ವಾರದ ಶುಕ್ರವಾರದ ತನಕ ಕಾಯ್ತೀವಿ ಮಾಮಾ. ಆಮೇಲೆ ಇಲ್ಲಿ ಮೇವಿಲ್ಲ, ನಾವು ಹೊಂಟ್ವಿ." ಆ ದಿನ ಸೋಮವಾರ.

ಪ್ರತಿ ವರ್ಷ ತೊಗರಿ ಕೊಯ್ಲಾದ ಮೇಲೆ ಅವರು ಹೀಗೆ ಇಳಿಯುತ್ತಾರೆ, ಮೊದಲ ಮಳೆಗೆ ವಾಪಸಾಗುತ್ತಾರೆ. ದಾರಿಗೆ ಬುತ್ತಿ ಕಟ್ಟುವುದಿಲ್ಲ. ಸಂಜೆಗೆ ಯಾರೋ ಗುರುತಿಲ್ಲದ ರೈತ ತನ್ನ ಖಾಲಿ ಹೊಲ ತೋರಿಸುತ್ತಾನೆ. ಕುರಿಗಳನ್ನು ರಾತ್ರಿ ಅಲ್ಲಿ ಬಲೆಯೊಳಗೆ ಕೂಡಿಹಾಕಿ ತರುಬುತ್ತಾರೆ. ಹಿಕ್ಕೆ, ಉಚ್ಚೆ ಎಲ್ಲ ಅವನ ನೆಲಕ್ಕೆ ಗೊಬ್ಬರ. ಬದಲಿಗೆ ಅವನ ಮನೆಯಿಂದ ರೊಟ್ಟಿ ಬರುತ್ತದೆ, ಹೊರಡುವಾಗ ಒಂದಿಷ್ಟು ಜೋಳ ಬರುತ್ತದೆ. ಹೀಗೆ ಮೋನಮ್ಮ ಇಪ್ಪತ್ತಾರು ವರ್ಷದಿಂದ ಎಷ್ಟೋ ಊರಿನ ರೊಟ್ಟಿ ತಿಂದಿದ್ದಳು. ಈಚೆಗೆ ಹೊಲ ತೋರಿಸುವವರು ಕಡಿಮೆಯಾಗಿದ್ದರು. ಶುಂಠಿ, ಆಲೂಗಡ್ಡೆ ಹಾಕುವವರು ಲಾರಿಯಲ್ಲಿ ಕೋಳಿ ಗೊಬ್ಬರ ತರಿಸುತ್ತಾರೆ. ಆ ದಿನ ನಾಲ್ಕು ಕಡೆ ಕೇಳಿದ್ದಾಯಿತು. ಒಬ್ಬ ಔಷಧ ಹೊಡೆದಿದ್ದೇನೆ ಎಂದ, ಇನ್ನೊಬ್ಬ ನಾಯಿ ಬಿಟ್ಟ.

ಝರಾಸಂಗಂ ಇನ್ನೂ ಎರಡು ಮೈಲಿ ಇರುವಾಗ ಚಹಾದ ಅಂಗಡಿಯ ಮುಂದೆ ಮೋನಮ್ಮ ಕೂತುಬಿಟ್ಟಳು. ಅಲ್ಲೇ ಮೋಟಾರ್ ಸೈಕಲ್ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಒಬ್ಬ ಮುದುಕ ಹಿಂಡನ್ನು ನೋಡಿದ. ಹೆಸರು ಶಾಂತಪ್ಪ, ಪಕ್ಕದ ಊರಿನ ರೈತ.

"ಎಷ್ಟ್ ಅವ?"

"ನೂರಾ ನಲವತ್ತು ಪಟೇಲ್ರೆ," ಎಂದ ಬೀರಣ್ಣ.

"ಮೂರ್ ರಾತ್ರಿ ತರುಬ್ತಿ? ನಾಕನೇ ದಿನ ಟ್ರ್ಯಾಕ್ಟರ್ ಬರ್ತದ ನಂದು."

ಬೀರಣ್ಣ ಸಂತೋಷವನ್ನು ಮುಖದಲ್ಲಿ ತೋರಿಸಲಿಲ್ಲ. "ತರುಬ್ತೀನ್ರಿ."

"ಆಕಿ ಯಾಕ ಹಂಗ ಕುಂತಾಳ?"

"ಕಾಲಾಗ ಮುಳ್ಳ್ ಮುರದದ್ರಿ."

ಶಾಂತಪ್ಪ ಬಗ್ಗಿ ಪಟ್ಟಿಯನ್ನು ನೋಡಿದ. ಅದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. "ಇದು ಕಾಲೇನವಾ? ಎಲ್ಲಿಂದ ನಡಕೋತ ಬಂದಿ?"

"ರಾಯಿಕೋಡಿಂದ್ರಿ."

"ಹುಚ್ಚರದೀರಿ ಇಬ್ಬರೂ. ಗಾಡಿ ಮ್ಯಾಗ ಕುಂದ್ರು. ನೀ ಸೀದಾ ಹೋಗಪಾ. ಬೋರ್ ಬರ್ತದ, ಬೇವಿನ ಗಿಡ ಬರ್ತದ. ಗಿಡ ದಾಟಿ ತೊಗರಿ ಕೊಯ್ದ ಹೊಲ ನಂದು. ರೊಟ್ಟಿ ಕಳಸ್ತೀನಿ."

ಹಾಗಾಗಿ ಹೊಲ ತೋರಿಸಲು ಶಾಂತಪ್ಪ ಬರಲಿಲ್ಲ. ಮೋನಮ್ಮನನ್ನು ಹಿಂದೆ ಕೂಡಿಸಿಕೊಂಡು ಮನೆಗೆ ಹೋದ.

ಬೀರಣ್ಣ ಬೋರು ಕಂಡ, ಗಿಡ ಕಂಡ. ಆದರೆ ದಣಿದ ಹಿಂಡು ಗಿಡ ದಾಟಲಿಲ್ಲ. ಈಚೆಗೆ ತುಸು ಎತ್ತರದ ಒಣ ನೆಲವಿತ್ತು. ಮುಂದಿನ ಟಗರು ಅಲ್ಲಿ ಮೂಸಿ, ಮೊಣಕಾಲು ಮಡಚಿ ಕೂತಿತು. ಹಿಂದಿನವೂ ಒಂದೊಂದಾಗಿ ಕೂತವು. ತಾವಾಗಿ ಕೂತ ಹಿಂಡನ್ನು ಕುರುಬರು ಎಬ್ಬಿಸುವುದಿಲ್ಲ. ಎಬ್ಬಿಸಿದರೆ ರಾತ್ರಿಯಿಡೀ ನಿಂತೇ ಇರುತ್ತವೆ, ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕುತ್ತವೆ. ಬೀರಣ್ಣ ಸುತ್ತ ನೋಡಿದ. ಗಿಡದ ಆಚೆಗೂ ಈಚೆಗೂ ಒಂದೇ ಥರ ಕೊಯ್ದ ತೊಗರಿ ಕೂಳೆ. ನಡುವೆ ಎರಡು ಬೆರಳೆತ್ತರದ ಮಣ್ಣಿನ ಗೆರೆ. ನೀರು ಹಾಯಿಸುವ ಕಾಲುವೆಯ ದಂಡೆ ಇರಬೇಕೆಂದುಕೊಂಡ. ಎಲ್ಲ ಒಬ್ಬನದೇ ಎಂದು ಅಲ್ಲೇ ಬಲೆ ಕಟ್ಟಿದ.

ಶಾಂತಪ್ಪನ ಮನೆಯಲ್ಲಿ ಅವನ ಹೆಂಡತಿ ಶಂಕರಮ್ಮ ಮೋನಮ್ಮನನ್ನು ಹೊರಗೆ ದನದ ಕೊಟ್ಟಿಗೆಯಲ್ಲಿ ಕೂಡಲು ಬಿಡಲಿಲ್ಲ. ಪಡಸಾಲೆಯಲ್ಲಿ ಗೋಣಿಚೀಲ ಹಾಸಿ, ಬಿಸಿನೀರಿಗೆ ಬೇವಿನ ತೊಪ್ಪಲು ಹಾಕಿ ಕಾಲು ತೊಳೆದಳು. ಮೋನಮ್ಮ ಕಾಲು ಹಿಂದೆ ಎಳೆದುಕೊಂಡಳು.

"ಬ್ಯಾಡಕ್ಕಾ, ನೀವು ಕಾಲು ಮುಟ್ಟಬ್ಯಾಡ್ರಿ."

"ಸುಮ್ಕ ಕುಂದ್ರು. ದಿನಾ ಎಮ್ಮಿ ಕಾಲು ತೊಳಿತೀನಿ, ನಿಂದೇನ್ ದೊಡ್ದು."

ಹೊಸ ಬಟ್ಟೆ ಕಟ್ಟಿದಳು. ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಬೀರಣ್ಣನ ಪಾಲನ್ನು ಡಬ್ಬಿಯಲ್ಲಿ ಹಾಕಿ ಹೊಲದ ಕಡೆ ಹೋಗುವವರ ಕೈಲಿ ಕಳಿಸಿದಳು. ಮೋನಮ್ಮ ನಾಲ್ಕು ರೊಟ್ಟಿ ತಿಂದಳು. ಹೊಲದಲ್ಲಿ ಕುರಿ ಕೂತಿವೆ, ತಿನ್ನಬಹುದು. ಹದಿನೆಂಟು ದಿನದಲ್ಲಿ ಮೊದಲ ಸಲ ಕಾಲು ಚಾಚಿ ಮಲಗಿದಳು.

ಬೆಳಿಗ್ಗೆ ಬಿಸಿಲು ಬರುವ ಹೊತ್ತಿಗೆ ಬೀರಣ್ಣನ ಹತ್ತಿರ ಒಬ್ಬ ಬಂದ. ಶಾಂತಪ್ಪನದೇ ಮೂಗು, ಅದೇ ಗಿಡ್ಡ ಕತ್ತು. ವಯಸ್ಸು ಮಾತ್ರ ಕಡಿಮೆ. ಕೈಯಲ್ಲಿ ಚಹಾದ ಚೆಂಬು. ಹೊಲದ ಮೇಲೆಲ್ಲ ಕರ್ರಗೆ ಬಿದ್ದ ಹಿಕ್ಕೆಯನ್ನು ನೋಡುತ್ತ ಅವನು ನಗುತ್ತಿದ್ದ. ಮನೆಯವರೇ ಇರಬೇಕೆಂದು ಬೀರಣ್ಣ ಚಹಾ ತೆಗೆದುಕೊಂಡ.

"ಮಸ್ತ್ ಆಗ್ಯದಪಾ ಕೆಲಸ," ಎಂದ ಬಂದವನು. "ಇವತ್ತೂ ಇಲ್ಲೇ ಏನು?"

"ಪಟೇಲ್ರು ಮೂರ್ ರಾತ್ರಿ ಅಂದಾರ್ರಿ."

"ಯಾವ ಪಟೇಲ?"

ಅಷ್ಟರಲ್ಲಿ ಶಾಂತಪ್ಪನ ಮೋಟಾರ್ ಸೈಕಲ್ ಬಂತು. ಅವನು ಇಳಿಯುವುದಕ್ಕೂ ಮೊದಲೇ ಕೂಗತೊಡಗಿದ.

"ಯಾರ ಹೊಲದಾಗ ತರುಬೀದಿ?"

"ನಿಮ್ಮದೇ ಅಲ್ರೀ..."

"ಗಿಡ ದಾಟಿ ಅಂದಿದ್ದೆ. ಕಣ್ಣು ಎಲ್ಲಿ ಇಟ್ಟೀದಿ?"

"ಕುರಿ ತಾವೇ ಇಲ್ಲಿ ಕುಂತುವ್ರಿ. ಕುಂತ ಹಿಂಡು ಎಬ್ಬಸಂಗಿಲ್ಲ ನಾವು."

ಚಹಾ ತಂದವನು ಶಾಂತಪ್ಪನ ತಮ್ಮ ಬಾಲರಾಜ; ಗಿಡದ ಈಚೆಗಿನ ಹೊಲ ಅವನದು. ಪಾಲಾದ ಮೇಲೆ ಏಳು ವರ್ಷದಿಂದ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಪ್ರತಿ ಬೇಸಿಗೆ ಉಳುವಾಗ ಇಬ್ಬರೂ ನಡುವಿನ ಬದುವನ್ನು ಒಂದಿಷ್ಟು ಕೊರೆಯುತ್ತ ಬಂದದ್ದರಿಂದಲೇ ಅದು ಎರಡು ಬೆರಳಿಗೆ ಇಳಿದಿತ್ತು. ಬಾಲರಾಜ ಈಗ ಬೇವಿನ ಗಿಡದ ಕಡೆ ತಿರುಗಿ, ಗಿಡಕ್ಕೆ ಹೇಳಿದ: "ಕುರಿಗೂ ಗೊತ್ತಾಗ್ತದ ನೋಡಪಾ, ಯಾರ ನೆಲ ಚಲೋ ಅದ ಅಂತ."

ಶಾಂತಪ್ಪ ಕುರಿಗಳಿಗೆ ಹೇಳಿದ: "ನನ್ನ ಮನಿ ರೊಟ್ಟಿ ತಿಂದು ಕಂಡವರ ಹೊಲಕ್ಕ ಹೇಲ್ತೀರಿ. ಭೇಷ್."

"ಪಟೇಲ್ರೆ, ಗಲತಿ ಆತು," ಎಂದ ಬೀರಣ್ಣ. "ಇವತ್ತಿಂದ ಪೂರಾ ನಿಮ್ಮಲ್ಲೇ ತರುಬ್ತೀನಿ. ಜೋಳ ಬ್ಯಾಡ್ರಿ. ನಾಕು ರೊಟ್ಟಿ ಕೊಟ್ಟರ ಸಾಕು."

ಶಾಂತಪ್ಪ ತನ್ನ ಹೊಲದ ಕಡೆ ನೋಡಿದ. ಒಪ್ಪುವ ಹಾಗೇ ಇದ್ದ. ಆಗ ಬಾಲರಾಜ ಗಿಡಕ್ಕೆ ಮತ್ತೆ ಹೇಳಿದ: "ತೊಗೊಳ್ಳಿ, ತೊಗೊಳ್ಳಿ. ನಾವು ಉಂಡು ಬಿಟ್ಟಿದ್ದು ದೊಡ್ಡವರಿಗಿ."

ಶಾಂತಪ್ಪನ ಕಿವಿ ಕೆಂಪಾಯಿತು. "ನಂಗ ಬ್ಯಾಡ ನಿನ್ನ ಕುರಿ. ಹೊಡಕೊಂಡು ನಡಿ ಇಲ್ಲಿಂದ." ಮೋಟಾರ್ ಸೈಕಲ್ ಹತ್ತಿ ಶುಂಠಿ ಬೀಜದ ಕೆಲಸಕ್ಕೆಂದು ಝರಾಸಂಗಂ ಕಡೆ ಹೋಗಿಬಿಟ್ಟ.

"ಅಂವ ಹಂಗೇ," ಎಂದ ಬಾಲರಾಜ, ಈಗ ಮನುಷ್ಯನಿಗೇ. "ನೀ ಎರಡ್ ರಾತ್ರಿ ಇಲ್ಲೇ ಇರು. ನಮ್ಮನ್ಯಾಗ ಉಣ್ಣು. ನಿನ್ನ ಹೆಂಡ್ತಿನೂ ಕರಕೊಂಡು ಬಾ."

ಬೀರಣ್ಣ ಕುರಿಗಳ ಹತ್ತಿರ ನಾಯಿಗಳನ್ನು ಬಿಟ್ಟು ಊರೊಳಗೆ ಹೋದ. ಶಂಕರಮ್ಮ ಡೈರಿಗೆ ಹಾಲು ಹಾಕಲು ಹೋಗಿದ್ದಳು. ಪಡಸಾಲೆಯಲ್ಲಿ ಒಬ್ಬಳೇ ಕೂತಿದ್ದ ಮೋನಮ್ಮನಿಗೆ ಎಲ್ಲ ಹೇಳಿದ.

"ತಮ್ಮನ ಮನಿ ಹಿಂದಿನ ಓಣ್ಯಾಗೇ ಅದ. ಏಳು. ಎರಡ್ ದಿನ ಕಾಲಿಗಿ ಆರಾಮ ಆಗ್ತದ."

"ನಾ ಬರಂಗಿಲ್ಲ."

"ಯಾಕ?"

"ನಿನ್ನಿ ಈಕಿ ನನ್ನ ಕಾಲು ತೊಳದಾಳ. ಇವತ್ತು ಹೋಗಿ ಆಕಿ ವೈರಿ ಮನ್ಯಾಗ ತಾಟು ಹಿಡೀಲೇನು?"

"ಹಂಗಂದ್ರ ನಿನ್ನ ಕಾಲಿನ ಗತಿ?"

"ನಡೀತದ."

"ನಡೀತದಂತ! ಭೀಮೇಶ ಅಷ್ಟು ದೂರ ಅದಾನ. ಮಾನ ಹಚ್ಚಿಕೊಂಡ್ರ ಬಾವು ಇಳಿತದೇನ?"

"ಕುರಿ ಎಲ್ಲಿ ಕುಂದ್ರಬೇಕು ನೋಡಾಕ ಬರಲಿಲ್ಲ ನಿಂಗ. ನಂಗ ಬುದ್ಧಿ ಹೇಳಾಕ ಬಂದಿ."

ಮೋನಮ್ಮ ಗೋಡೆ ಹಿಡಿದು ಎದ್ದಳು. ಗೋಣಿಚೀಲ ಮಡಚಿಟ್ಟಳು, ರಾತ್ರಿ ಉಂಡ ತಾಟನ್ನು ಮತ್ತೊಮ್ಮೆ ತೊಳೆದು ಬೋರಲು ಹಾಕಿದಳು. ಶಂಕರಮ್ಮ ಬರುವ ಮೊದಲೇ ಹೊರಟರು. ಹೇಳಿ ಹೋಗೋಣ ಎಂದ ಬೀರಣ್ಣ. ಹೇಳಲು ಏನಿದೆ ಎಂದಳು ಮೋನಮ್ಮ.

ಬಲೆ ಬಿಚ್ಚಿ, ಕತ್ತೆ ಹೇರಿ, ಜಹೀರಾಬಾದಿನ ರಸ್ತೆಗೆ ಬಂದರು. ಮೊದಲ ಒಂದು ಫರ್ಲಾಂಗು ಮೋನಮ್ಮ ಕೋಲು ಊರಿಕೊಂಡು ಬೆರಳ ತುದಿಯ ಮೇಲೆ ನಡೆದಳು. ಆಮೇಲೆ ಬೆರಳು ಸೋತು ಹಿಮ್ಮಡಿ ಊರಿದಳು. ಪಟ್ಟಿ ಒದ್ದೆಯಾಯಿತು. ಅವಳು ಕೆಳಗೆ ನೋಡಲಿಲ್ಲ. ಬೀರಣ್ಣ ನೋಡಿದ, ಮರಿಗಳನ್ನು ತಾನು ಹೊತ್ತು ಇವಳನ್ನು ಕತ್ತೆಯ ಮೇಲೆ ಕೂಡಿಸಿದರೆ ಬಲೆಯನ್ನು ಯಾರು ಹೊರಬೇಕು ಎಂದು ಯೋಚಿಸಿದ. ಕುರಿಗಳು ರಸ್ತೆ ತುಂಬ ಹರಡಿದ್ದವು. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಬಸ್ಸಿನ ಪಕ್ಕದಿಂದ ನುಗ್ಗಿಕೊಂಡು ಶಾಂತಪ್ಪ ಬಂದ. ಗಾಡಿ ಅಡ್ಡ ನಿಲ್ಲಿಸಿದ.

"ನಾ ಕುರಿ ಹೊಡಕೊಂಡು ಹೋಗಂದೆ. ಆಕಿಗಿ ಹೋಗಂದೆನೇನ?"

ಬೀರಣ್ಣ ಮುಂದಿನ ಟಗರನ್ನು ಕೋಲಿನಿಂದ ತಡೆದ.

"ಡೈರಿಯಿಂದ ಬಂದು ನೋಡಿದ್ರ ಆಕಿ ಇಲ್ಲ ಅಂತ ನನ್ನ ಹೆಂಡ್ತಿ ಫೋನಿನಾಗ ನಂಗ ಉಗದ್ಲು. ಕುಂಟು ಹೆಣ್ಣುಮಗಳಿಗೆ ಮನಿ ಬಿಡಿಸ್ದಿ ಅಂತ. ನಾಳಿಗಿ ಊರೆಲ್ಲ ಅದೇ ಮಾತು. ಗಾಡಿ ಹತ್ತವಾ."

"ಬ್ಯಾಡ್ರಿ," ಎಂದಳು ಮೋನಮ್ಮ.

"ಯಾಕ ಬ್ಯಾಡ?"

"ಕುರಿ ಇಲ್ದ ನಾ ಯಾಕ ಇರ್ಲಿ ನಿಮ್ಮನ್ಯಾಗ? ಏನ್ ಕೊಡ್ಲಿ ನಿಮಗ?"

ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ ತೆಲುಗಿನಲ್ಲಿ ಬೈದ. ಶಾಂತಪ್ಪ ಅವನಿಗೆ ತೆಲುಗಿನಲ್ಲೇ ತಿರುಗಿ ಬೈದು, ಮತ್ತೆ ಇವಳ ಕಡೆ ನೋಡಿದ.

"ಏನೂ ಕೊಡಬ್ಯಾಡ. ನೀವು ಕೊಡೋದೆಲ್ಲ ಅವನ ಹೊಲದಾಗ ಬಿದ್ದದ. ಕುಂದ್ರವಾ, ಜಲ್ದಿ."

ಮೋನಮ್ಮ ಗಂಡನ ಕಡೆ ನೋಡಿದಳು. ಅವನು ಹಿಂಡನ್ನು ರಸ್ತೆಯ ಬದಿಗೆ ಸರಿಸುತ್ತಿದ್ದ. ಒಬ್ಬನೇ ಇಷ್ಟು ಕುರಿ ಹೊಡೆದುಕೊಂಡು ಹೈವೇ ದಾಟಬೇಕು, ಒಬ್ಬನೇ ಬಲೆ ಕಟ್ಟಬೇಕು, ಊಟ ಬೇಡಬೇಕು. ಹೆಂಗಸು ಜೊತೆಗಿಲ್ಲದ ಕುರುಬನಿಗೆ ಹೊಲ ಕೊಡಲು ಜನ ಇನ್ನೂ ಹಿಂಜರಿಯುತ್ತಾರೆ.

"ಹೋಗು," ಎಂದ ಬೀರಣ್ಣ, ತಿರುಗದೆ. "ಕಾಲು ಬರೋಬರ್ ಆದ ಮ್ಯಾಲ ಬಸ್ ಹತ್ತಿ ತಾಂಡೂರಿಗೆ ಬಾ. ಭೀಮೇಶನ್ನ ಕಳಸ್ತೀನಿ."

ಅವಳು ಗಾಡಿ ಹತ್ತಿದಳು. ಕೋಲನ್ನು ಎಲ್ಲಿ ಹಿಡಿಯಬೇಕು ಎಂದು ಗೊತ್ತಾಗದೆ ಅಡ್ಡ ಹಿಡಿದಳು. ಅದು ಬಸ್ಸಿಗೆ ತಾಗುತ್ತದೆಂದು ಶಾಂತಪ್ಪ ಮತ್ತೊಮ್ಮೆ ಬೈದ.

ಮಧ್ಯಾಹ್ನ ಶಂಕರಮ್ಮ ಇಬ್ಬರಿಗೂ ಬಡಿಸಿದಳು. ಶಾಂತಪ್ಪ ಎದುರು ಗೋಡೆಗೆ ಒರಗಿ, ಯಾರ ಕಡೆಯೂ ನೋಡದೆ ಉಣ್ಣುತ್ತಿದ್ದ. ಮೋನಮ್ಮ ತಾಟು ಮುಟ್ಟಲಿಲ್ಲ.

"ತೊಗರಿ ಕೇರೋದು ಅದ ಏನಕ್ಕಾ? ಕುಂತಲ್ಲೇ ಕೇರ್ತೀನಿ."

"ಕೇರಿ ಆಗ್ಯದ."

"ಹುಣಸಿಹಣ್ಣು ಬಿಡಿಸೋದು?"

"ಇನ್ನೂ ಹಣ್ಣಾಗಿಲ್ಲ. ಉಣ್ಣು."

"ಹಸಿವಿಲ್ಲಕ್ಕಾ."

"ಉಣ್ಣವಾ," ಎಂದ ಶಾಂತಪ್ಪ. "ನೀ ಉಪಾಸ ಕುಂತ್ರ ಹಿಕ್ಕಿ ನನ್ನ ಹೊಲಕ್ಕ ನಡಕೊಂಡು ಬರ್ತದೇನ?"

ಶಂಕರಮ್ಮ ನಕ್ಕಳು. ಮೋನಮ್ಮ ನಗಲಿಲ್ಲ. ರೊಟ್ಟಿ ಮುರಿದು ಬಾಯಿಗಿಟ್ಟಳು. ನಿನ್ನೆಯದೇ ಹಿಟ್ಟು, ನಿನ್ನೆಯದೇ ಕೈ. ನೀರು ಕುಡಿದು ಇಳಿಸಿದಳು. ಒಂದು ರೊಟ್ಟಿ ಮುಗಿದ ಮೇಲೆ ಶಂಕರಮ್ಮ ಕೇಳದೆ ಇನ್ನೊಂದು ಹಾಕಿದಳು. ಮೋನಮ್ಮ ಅದನ್ನೂ ತಿಂದಳು.

ಸಂಜೆ ಶಂಕರಮ್ಮ ತನ್ನ ಫೋನಿನಿಂದ ಬೀರಣ್ಣನಿಗೆ ಹಚ್ಚಿಕೊಟ್ಟಳು. ಹಿಂದೆ ಲಾರಿಗಳ ಸದ್ದು ಇತ್ತು.

"ಹೈವೇ ದಾಟಿದೆ. ಒಂದು ಮರಿ ಸತ್ತದ. ಎರಡ್ ಕಡಿ ಕೇಳಿದೆ, ಹೊಲ ಕೊಡವಲ್ರು. ಮುಂದ ನೋಡಬೇಕು. ಉಂಡ್ಯಾ?"

"ಉಂಡೆ. ನೀ?"

"ಇನ್ನೂ ಇಲ್ಲ. ಕಾಲು?"

"ಬಾವು ಹಂಗೇ ಅದ."

"ಊರಬ್ಯಾಡ ಅದನ್ನ," ಎಂದು ಬೀರಣ್ಣ ಫೋನ್ ಇಟ್ಟ. ಮೋನಮ್ಮ ಫೋನನ್ನು ಶಂಕರಮ್ಮನಿಗೆ ಕೊಟ್ಟು, ಎರಡೂ ಕೈಯಿಂದ ಕಾಲನ್ನು ಎತ್ತಿ ಮಡಚಿದ ಗೋಣಿಚೀಲದ ಮೇಲೆ ಇಟ್ಟುಕೊಂಡಳು.