ಮೊಣಕೈಯಷ್ಟೇ ನೆನೆದವನು

ನೀರಿನ ಬಿಸಿಯನ್ನು ಅವನು ಅಂಗೈಯಿಂದ ನೋಡಿದ್ದೇ ಇಲ್ಲ. ಕಂದು ಕೋಟಿನ ಬಲತೋಳನ್ನು ಮೇಲಕ್ಕೆ ಮಡಚಿ, ತೊಟ್ಟಿಯ ಅಂಚಿನಲ್ಲಿ ಮಂಡಿಯೂರಿ, ಹಸುಗೂಸನ್ನು ಮೀಯಿಸಲು ಕುಳಿತ ಅಜ್ಜಿಯಂತೆ ಮೊಣಕೈಯನ್ನು ಮೆಲ್ಲನೆ ಅದ್ದಿ, ಕಣ್ಣು ಮುಚ್ಚಿ ಬಿಸಿ ಅಳೆದು, ಆಮೇಲೆ "ಆಯ್ತು, ಇಳೀಬಹುದು" ಎನ್ನುತ್ತಿದ್ದ. ಮೂವತ್ತೊಂದು ವರ್ಷಗಳ ಕಾಲ ನಮ್ಮ ಕ್ರೈಸ್ತ ಸಭೆಯಲ್ಲಿ ದೀಕ್ಷಾಸ್ನಾನ ಹೊಂದಿದವರೆಲ್ಲ ಆ ಅಪ್ಪಣೆಯಾದ ಮೇಲೆಯೇ ನೀರಿಗಿಳಿದವರು. ಅವನು ಮಾತ್ರ ಇಳಿಯಲಿಲ್ಲ. ಮಕ್ಕಳು ಮೊಣಕೈ ಮಾವ ಎಂದು ಕರೆಯುತ್ತಿದ್ದರು. ನಾವು ಮಕ್ಕಳಾಗಿದ್ದು ದೊಡ್ಡವರಾದ ಮೇಲೂ ನಮ್ಮ ಬಾಯಿಗೆ ಅದೇ ಬಂತು.

ನಲ್ಲಿ, ಪೈಪು ರಿಪೇರಿ ಅವನ ಕಸುಬು. ಸದಾ ಒದ್ದೆ ನೆಲದ ಮೇಲೆ ನಡೆದು ನಡೆದು, ಒಣನೆಲದಲ್ಲೂ ಪಾದವನ್ನು ಊರಿ ನೋಡಿ ಆಮೇಲಷ್ಟೇ ಮೈಭಾರ ಬಿಡುವ ನಡಿಗೆ ಅವನಿಗೆ ಅಂಟಿಕೊಂಡಿತ್ತು. ಕೋಟಿನ ಒಂದು ಜೇಬಿನಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ವಾಷರುಗಳು. ಏನು ಕೇಳಿದರೂ "ನೋಡೋಣ" ಎಂಬ ಒಂದೇ ಉತ್ತರ. ಅದರಲ್ಲಿ ಸಮ್ಮತಿಯೂ ಇರುತ್ತಿರಲಿಲ್ಲ, ನಿರಾಕರಣೆಯೂ ಇರುತ್ತಿರಲಿಲ್ಲ. ನದೀಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತಾರೆ ಹಿರಿಯರು. ಆದರೆ ಸೋರಿಕೆಯ ಮೂಲ ಹುಡುಕುವುದೇ ಹೊಟ್ಟೆಪಾಡಾದವನಿಗೆ ಆ ಗಾದೆ ಹೇಳಿ ಪ್ರಯೋಜನವಿರಲಿಲ್ಲ.

ಸಭಾಪಾಲಕರನ್ನು, ಅಂದರೆ ಪಾಸ್ಟರುಗಳನ್ನು, ನಾವು ಕಂಡದ್ದು ಪ್ರಸಂಗಪೀಠದ ಮೇಲೆ. ಅವನು ಕಂಡದ್ದು ಅವರ ಅಡುಗೆಮನೆಯ ಸಿಂಕಿನ ಕೆಳಗೆ ಅಂಗಾತ ಮಲಗಿಕೊಂಡು. ನನಗೂ, ಅವನ ಹೆಂಡತಿಗೂ ದೀಕ್ಷೆ ಕೊಟ್ಟ ಮೊದಲನೆಯ ಪಾಲಕರು ಕುಡಿತದ ವಿರುದ್ಧ ಕಂಬನಿ ಬರುವಂತೆ ಮಾತಾಡುತ್ತಿದ್ದರು. ಅವರ ಫ್ಲಶ್ ಟ್ಯಾಂಕಿನೊಳಗೆ ತಣ್ಣಗೆ ನಿಂತಿದ್ದ ಬಾಟಲಿಯನ್ನು ಎತ್ತಿ ಪಕ್ಕಕ್ಕಿಟ್ಟು, ರಿಪೇರಿ ಮುಗಿಸಿ, ಮತ್ತೆ ಇದ್ದಲ್ಲೇ ಇಟ್ಟು ಬಂದವನು ಮೊಣಕೈ ಮಾವ. ಎರಡನೆಯವರು ಕ್ಷಮೆಯ ವಿಷಯವಾಗಿ ಆರು ವಾರ ಸತತ ಬೋಧಿಸಿದರು. ಏಳನೆಯ ವಾರ ಅವರ ಸ್ವಂತ ಅಣ್ಣ ಬಾಗಿಲು ತಟ್ಟಿದಾಗ "ಮನೇಲಿಲ್ಲ ಅಂತ ಹೇಳು" ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ್ದು ಸಿಂಕಿನ ಕೆಳಗಿದ್ದವನಿಗೆ ಕೇಳಿಸಿತು. ಮೂರನೆಯವರು ಪ್ರಾರ್ಥನೆಯ ನಡುವೆ ಬಿಕ್ಕಳಿಸಿ ಅಳುತ್ತಿದ್ದರು, ಸಭೆಯೂ ಜೊತೆಗೆ ಅಳುತ್ತಿತ್ತು. ಶನಿವಾರ ತೊಟ್ಟಿ ತುಂಬಿಸುತ್ತಿದ್ದವನಿಗೆ ಹಿಂದಿನ ಕೋಣೆಯಲ್ಲಿ ಅವರು ಕನ್ನಡಿಯ ಮುಂದೆ ಅದೇ ಬಿಕ್ಕನ್ನು ಅಭ್ಯಾಸ ಮಾಡುವುದು ಕೇಳಿಸುತ್ತಿತ್ತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂದು ಅವನು ಊರೆಲ್ಲ ಸಾರಬಹುದಿತ್ತು. ಸಾರಲಿಲ್ಲ. ಹೆಂಡತಿಗೊಬ್ಬಳಿಗೆ ಹೇಳಿದ, ನನಗೆ ಹೇಳಿದ್ದು ಕೊನೆಯ ವರ್ಷ, ಇಬ್ಬರೂ ಸೇರಿ ತೊಟ್ಟಿಯ ಪಾಚಿ ಉಜ್ಜುತ್ತಿದ್ದಾಗ.

ಹೆಂಡತಿ ಹೊಲಿಗೆಯವಳು. ದೀಕ್ಷೆಯ ಬಿಳಿಯ ನಿಲುವಂಗಿಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ನೀರಿನಲ್ಲಿ ಅಂಗಿ ಉಬ್ಬಿ ತೇಲದಿರಲೆಂದು ಕೆಳಗಿನ ಮಡಿಕೆಯಲ್ಲಿ ಗಂಡನ ಡಬ್ಬಿಯಿಂದ ಕದ್ದ ಹಿತ್ತಾಳೆಯ ವಾಷರುಗಳನ್ನಿಟ್ಟು ಹೊಲಿದುಬಿಡುತ್ತಿದ್ದಳು. ಗಂಡನ ಅಳತೆಯದೂ ಒಂದು ಸಿದ್ಧವಾಗಿ ಬಾಗಿಲ ಹಿಂದೆ ತೂಗುತ್ತಿತ್ತು. ಅವರ ಜಗಳವೆಲ್ಲ ಆ ಅಂಗಿಯ ಮುಂದೆಯೇ.

"ನೀರು ದೇವರದ್ದು ರೀ. ಪಾಸ್ಟರು ಬರೀ ಪೈಪು."

"ಪೈಪಿನ ವಿಷಯ ನನಗೆ ಹೇಳಬೇಡ ಕಣೆ. ತುಕ್ಕು ಹಿಡಿದ ಪೈಪಲ್ಲಿ ಬಂದ ನೀರು ಹೇಗಿರುತ್ತೆ ಅಂತ ದಿನಾ ನೋಡ್ತೀನಿ."

"ಇದು ಕೊಳೆ ತೊಳೆಯೋ ಸ್ನಾನ ಅಲ್ಲ, ಹೂಳೋದು. ಹಳೇ ಮನುಷ್ಯನ್ನ ನೀರಲ್ಲಿ ಹೂತು ಎದ್ದು ಬರೋದು. ಹೂಳೋನ ಕೈ ಚೊಕ್ಕ ಇದ್ರೇನು, ಇಲ್ದಿದ್ರೇನು?"

"ನೋಡೋಣ."

ಅವಳಿಗೆ ವಾಸಿಯಾಗದ ಕಾಯಿಲೆ ಬಂತು. ಸಭೆಯ ಹಿಂದಿನ ಸಮಾಧಿಭೂಮಿಯಲ್ಲಿ ದೀಕ್ಷೆಯಾದವರಿಗಷ್ಟೇ ಜಾಗ. ತನ್ನ ಪಕ್ಕದ್ದನ್ನು ಖಾಲಿ ಬಿಡುವಂತೆ ಕೇಳಿಕೊಂಡು ಬಂದವಳು, "ನಾನು ಅಲ್ಲಿ ಒಬ್ಬಳೇ ಮಲಗಲ್ಲ" ಎಂದಳು. ಅದಕ್ಕವನು ಸೋತ. ಭಾನುವಾರ ತಾನೇ ನೀರು ಹದಮಾಡಿ, ಅವಳನ್ನು ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕೂರಿಸಿ, ಬಿಳಿಯಂಗಿ ತೊಟ್ಟು ಮೂರನೆಯ ಮೆಟ್ಟಿಲವರೆಗೆ ಇಳಿದ. ನೀರು ಮೊಣಕಾಲಿಗೆ ಬಂತು. ಮೂರನೆಯ ಪಾಲಕರು ಕೈ ನೀಡಿ, ಕಣ್ಣೆತ್ತಿ, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಪ್ರಾರ್ಥನೆಯ ಸರಿಯಾಗಿ ಅದೇ ಮಾತಿನ ಹತ್ತಿರ ಬಿಕ್ಕಿದರು. ಮೊಣಕೈ ಮಾವ "ಎಲ್ಲೋ ಸೋರ್ತಿದೆ, ನೋಡ್ಬೇಕು" ಎಂದು ಗೊಣಗಿ ತಿರುಗಿ ಮೆಟ್ಟಿಲು ಹತ್ತಿದ. ಹೆಂಡತಿ ಮನೆಗೆ ಹೋಗಿ ಅಂಗಿಯನ್ನು ಒಣಗಹಾಕಲು ಹೇಳಿದಳಂತೆ. ಹನ್ನೆರಡನೆಯ ದಿನ ತೀರಿಕೊಂಡಳು.

ಆಮೇಲೆ ಬಂದರು ನಾಲ್ಕನೆಯವರು. ಅವರ ಮನೆಯ ಪ್ರತಿ ನಲ್ಲಿಯನ್ನೂ ಬಿಚ್ಚಿ ಜೋಡಿಸುತ್ತ ಮಾವ ಎರಡು ವರ್ಷ ಕಿವಿಗೊಟ್ಟ. ಪೀಠದ ಮೇಲಿನ ಧ್ವನಿಯೇ ಅಡುಗೆಮನೆಯಲ್ಲೂ. ಪಾತ್ರೆ ತಾವೇ ತೊಳೆಯುತ್ತಿದ್ದರು. ಹೆಂಡತಿಯ ಮೇಲೆ ರೇಗಿದ ದಿನ ತಾವೇ ಹೋಗಿ ತಪ್ಪೊಪ್ಪಿಕೊಳ್ಳುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಎಲ್ಲೂ ತುಕ್ಕು ಸಿಗದೆ, ಮೊಣಕೈ ಮಾವ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಅವರ ಮುಂದೆ ನಿಂತು ದೀಕ್ಷೆ ಕೇಳಿದ.

"ಯಾಕೆ ಬೇಕು ನಿಮಗೆ?"

"ನನ್ನ ಹೆಂಡತಿ ಪಕ್ಕ ಮಲಗಬೇಕು."

"ಅದಕ್ಕೋಸ್ಕರ ಕೊಡೋಕಾಗಲ್ಲ, ಅಣ್ಣ. ಯಾವ ಪಾಪಕ್ಕೆ ಪಶ್ಚಾತ್ತಾಪ ಪಡ್ತಿದ್ದೀರಿ, ಅದನ್ನ ಹೇಳಿ."

ಬಾಟಲಿ ನೆನಪಾಯಿತು, ಬಾಗಿಲಲ್ಲಿ ನಿಂತ ಅಣ್ಣ ನೆನಪಾದ, ಕನ್ನಡಿ ನೆನಪಾಯಿತು. ತನ್ನದು ಎನ್ನುವಂಥದು ಒಂದೂ ನಾಲಗೆಗೆ ಬರಲಿಲ್ಲ. ಹಾಗೆಂದು, ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ತೋರಿಸುವವನಲ್ಲ ಅವನು. ಹೆಂಡತಿಯ ಕಣ್ಣೆದುರೇ ತಿರುಗಿ ಬಂದ ಆ ಮೂರನೆಯ ಮೆಟ್ಟಿಲೇ ತನ್ನ ಪಾಪವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. "ಅದನ್ನ ಹೇಳಬಹುದಿತ್ತು," ಎಂದ ನನ್ನ ಹತ್ತಿರ, "ಜೇಬಿನ ವಾಷರು ಎಣಿಸ್ತಾ ನಿಂತೆ." ಪಾಲಕರು ಕಾದರು, ಪ್ರಾಮಾಣಿಕವಾಗಿಯೇ ಕಾದರು. ಕೊನೆಗೆ ಮೃದುವಾಗಿ, "ಒಂದು ವರ್ಷ ಪಾಠಕ್ಕೆ ಬನ್ನಿ. ಆಮೇಲೆ ನೋಡೋಣ" ಎಂದರು.

ಹದಿಹರೆಯದವರ ನಡುವೆ ಹಿಂದಿನ ಬೆಂಚಿನಲ್ಲಿ ಕೋಟು ತೊಟ್ಟು ಕುಳಿತು ಒಂಬತ್ತು ತಿಂಗಳು ಪಾಠ ಕೇಳಿದ. ಹತ್ತನೆಯ ತಿಂಗಳ ಒಂದು ಶನಿವಾರ, ಯಾರದೋ ದೀಕ್ಷೆಗೆ ತೊಟ್ಟಿ ತುಂಬುತ್ತಿದ್ದಾಗ, ಅಂಚಿನಲ್ಲಿ ಕುಳಿತಲ್ಲೇ ಪ್ರಾಣ ಹೋಯಿತು. ನಾವು ಎತ್ತುವಾಗ ಬಲ ಮೊಣಕೈ ಒಂದೇ ಒದ್ದೆಯಾಗಿತ್ತು.

"ದೀಕ್ಷೆ ಪುಸ್ತಕದಲ್ಲಿ ಒಂದು ತಾರೀಕು ಬರೆದುಬಿಡಿ ಅಯ್ಯಾ," ಎಂದು ಪಾಲಕರನ್ನು ಬೇಡಿದವನು ನಾನು, "ಕೇಳೋರು ಯಾರೂ ಇಲ್ಲ."

"ನನಗೂ ಆಸೆ ಇದೆ. ಆದ್ರೆ ಸುಳ್ಳು ಬರೆಯೋನಲ್ಲ ಅಂತಲೇ ಅಲ್ವಾ ಅವರು ನನ್ನ ಹತ್ತಿರ ಬಂದದ್ದು?" ಎಂದರು. ಅವರ ಅಳುವನ್ನು ಯಾವ ಕನ್ನಡಿಯೂ ಕಲಿಸಿರಲಿಲ್ಲ. ಫ್ಲಶ್ ಟ್ಯಾಂಕಿನ ಆ ಪಾಲಕರಾಗಿದ್ದರೆ ನಡುಗುವ ಕೈಯಿಂದ ಒಂದು ತಾರೀಕು ಗೀಚಿ, ಅವನನ್ನು ಹೆಂಡತಿಯ ಪಕ್ಕಕ್ಕೆ ಸೇರಿಸಿಬಿಡುತ್ತಿದ್ದರು. ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ನನ್ನನ್ನು ಮುಳುಗಿಸಿದ್ದೂ ಅದೇ ಕೈ. ಗೋಡೆಯಾಚೆಯ ಸಾರ್ವಜನಿಕ ಸ್ಮಶಾನದಲ್ಲಿ ಆ ಬಿಳಿಯಂಗಿ ಉಡಿಸಿಯೇ ಅವನನ್ನು ಇಳಿಸಿದೆವು. ಅಂಚಿನ ವಾಷರುಗಳು ಶವಪೆಟ್ಟಿಗೆಯ ಹಲಗೆಗೆ ತಾಗಿ ಸದ್ದು ಮಾಡಿದವು. ಈಚೆ, ಅವಳ ಪಕ್ಕದ ಜಾಗ ಇವತ್ತಿಗೂ ಖಾಲಿ ಇದೆ.

ಇಂಥವರನ್ನು ಸಂಶಯಿಗಳೆಂದು ನಾವು ಹಗುರವಾಗಿ ಕರೆಯುತ್ತೇವೆ. ನಿಜಕ್ಕೂ ಅವರು ನಮಗಿಂತ ಹೆಚ್ಚು ನಂಬಿದವರು. ನೀರನ್ನು ಅಷ್ಟು ಪವಿತ್ರವೆಂದು ತಿಳಿದದ್ದರಿಂದಲೇ ಅದನ್ನು ಕೊಳೆಯಾದ ಕೈಯಿಂದ ಪಡೆಯಲಾರದೆ ಹೋದವರು. ಚೊಕ್ಕ ಕೈಗಾಗಿ ಆಯುಷ್ಯವಿಡೀ ಕಾಯುತ್ತಾರೆ, ಆ ಕೈ ಒಂದು ದಿನ ಬರುವುದೂ ಉಂಟು. ಬಂದ ದಿನವೇ ತಿಳಿಯುತ್ತದೆ, ಮನುಷ್ಯನನ್ನು ತಡೆಯದೆ ಒಳಗೆ ಬಿಟ್ಟುಕೊಳ್ಳುತ್ತಿದ್ದದ್ದು ಆ ಕೊಳೆಯಾದ ಕೈಗಳು ಮಾತ್ರ ಎಂದು.