ಹಟ ಎಂಬ ಎರಡಕ್ಷರ

ಬೆಳಗಿನ ಎಂಟು ಗಂಟೆಗೆ ಹಾಲು, ಬ್ರೆಡ್ಡಿನ ಗಾಡಿ ಬಂದಾಗ ವಾರ್ಡಿನ ಹತ್ತು ಮಕ್ಕಳು ಊಟದ ಕೋಣೆಯಲ್ಲಿ ಕೂತಾಗಿತ್ತು. ಹನ್ನೊಂದನೆಯವಳು ಮಾತ್ರ ಮಲಗುವ ಕೋಣೆಯ ಹೊಸ್ತಿಲಲ್ಲೇ ನಿಂತಿದ್ದಳು. ಹದಿಮೂರು ವರ್ಷದ ಹುಡುಗಿ, ಮನೆಯಲ್ಲಿ ಕರೆಯುವ ಹೆಸರು ಗುಬ್ಬಿ. ಬಲಗಾಲನ್ನು ಹೊರಗಿಡುವಳು, ಹಿಂದಕ್ಕೆ ಎಳೆದುಕೊಳ್ಳುವಳು. ಮತ್ತೆ ಇಡುವಳು, ಮತ್ತೆ ಎಳೆದುಕೊಳ್ಳುವಳು.

ಇದನ್ನು ನೋಡುತ್ತ ನಿಂತ ಹೊಸ ನರ್ಸಿಗೆ ಮೈಯೆಲ್ಲ ಉರಿ. ಒಂಬತ್ತು ವರ್ಷ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ದುಡಿದು, ಮಕ್ಕಳ ಈ ಮನೋರೋಗ ವಿಭಾಗಕ್ಕೆ ಬಂದು ಅವಳಿಗೆ ಇನ್ನೂ ನಾಲ್ಕು ದಿನ. ಆ ಹಳೆಯ ವಾರ್ಡಿನಲ್ಲಿ ಅವಳನ್ನು ಎಲ್ಲರೂ ಬಿರುಗಾಳಿ ಎನ್ನುತ್ತಿದ್ದರು, ಅವಳೂ ಅದನ್ನು ಬಿರುದಿನಂತೆ ಹೊತ್ತು ತಿರುಗುತ್ತಿದ್ದಳು. ಗಾಯ ತೊಳೆ, ಪಟ್ಟಿ ಕಟ್ಟು, ಮುಂದಿನ ಮಂಚಕ್ಕೆ ನಡೆ. ಇಲ್ಲಿ ಗಾಯ ಎಲ್ಲಿದೆ ಎಂದೇ ಕಾಣದು, ಪಟ್ಟಿ ಕಟ್ಟುವುದಾದರೂ ಎಲ್ಲಿಗೆ? ಮೊದಲ ದಿನವೇ ಮನೆಗೆ ಹೋಗಿ ಗಂಡನ ಹತ್ತಿರ ಹೇಳಿದ್ದಳು: "ಕಾಯಿಲೆಯಂತೆ ಕಾಯಿಲೆ! ನಮ್ಮ ಕಾಲದಲ್ಲಿ ಎರಡೇಟು ಬಿದ್ದಿದ್ರೆ ಎಲ್ಲಾ ನೆಟ್ಟಗಾಗ್ತಿತ್ತು."

"ಬಾರೇ ತಾಯಿ, ಹಾಲು ಆರಿಹೋಗುತ್ತೆ," ಎಂದು ಅವಳು ಗುಬ್ಬಿಯ ಕೈ ಹಿಡಿದು ಒಂದೇ ಎಳೆತಕ್ಕೆ ಹೊರಗೆ ತಂದಳು. ಹುಡುಗಿ ಕೂಗಲಿಲ್ಲ, ಕಿರುಚಲಿಲ್ಲ. ಮುಖ ಸುಣ್ಣದಂತೆ ಬೆಳ್ಳಗಾಯಿತು. ಕೈ ಬಿಡಿಸಿಕೊಂಡು ಒಳಗೆ ಓಡಿದವಳು ಮೊದಲಿನಿಂದ ಶುರು ಮಾಡಿದಳು. ಅವಳು ಬಂದು ಕೂತಾಗ ಹಾಲಿನ ಮೇಲೆ ದಪ್ಪ ಕೆನೆ ಕಟ್ಟಿತ್ತು, ಗಂಟೆ ಒಂಬತ್ತಕ್ಕೆ ಹತ್ತು ನಿಮಿಷ ಕಡಿಮೆ.

ಬಿರುಗಾಳಿ ಸಿಸ್ಟರ್ ಕಡತದಲ್ಲಿ ಬರೆದಳು: "ತಿಂಡಿಗೆ ಬರದೆ ಹಟ ಮಾಡಿದಳು." ನಾಲ್ಕೇ ಪದ. ಚುಟುಕಾಗಿ ಮುಗಿಸಿದೆನೆಂದು ಅವಳಿಗೆ ಖುಷಿಯೇ ಆಯಿತು.

ಹತ್ತು ಗಂಟೆಗೆ ದೊಡ್ಡ ಸಿಸ್ಟರ್ ಕಡತ ಓದಿದರು. ಇಪ್ಪತ್ತಾರು ವರ್ಷದಿಂದ ಈ ವಾರ್ಡನ್ನು ನೋಡಿಕೊಳ್ಳುತ್ತಿದ್ದ ಹೆಂಗಸು. ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ, ಆದರೂ ಎಲ್ಲರಿಗೂ ಹೆದರಿಕೆ.

"ಹಟ ಅನ್ನೋದನ್ನ ನೀನು ಕಂಡೆಯಾ?" ಎಂದು ಕೇಳಿದರು.

"ಕಣ್ಣಾರೆ ಕಂಡೆ ಮೇಡಂ. ಎಳೆದು ತಂದ್ರೂ ವಾಪಸ್ ಓಡಿದಳು."

"ಓಡಿದ್ದು ಕಂಡೆ. ಹಟ ಕಾಣಲಿಲ್ಲ, ನಿನಗೆ ಅನ್ನಿಸಿತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ, ನೀನು ಕಾಣದ್ದನ್ನೇ ಬರೆದಿದ್ದೀಯ. ಈ ಕಾಯಿಲೆ ಥರ್ಮಾಮೀಟರಿಗೆ ಸಿಗಲ್ಲ ಕಣಮ್ಮ. ಡಾಕ್ಟರ್ ದಿನಕ್ಕೆ ಅರ್ಧ ಗಂಟೆ ನೋಡ್ತಾರೆ, ಉಳಿದದ್ದಕ್ಕೆಲ್ಲ ನಮ್ಮ ಬರಹವೇ ಕಣ್ಣು. ಎಷ್ಟು ಸಲ ಕಾಲು ಇಟ್ಟಳು, ಮುಖ ಹೇಗಿತ್ತು, ಏನಂದಳು, ಅಷ್ಟು ಬರಿ. ಇದನ್ನ ಅಳಿಸಬೇಡ. ಓದೋಕೆ ಬರೋ ಹಾಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ರುಜು ಹಾಕು."

"ಇಷ್ಟು ಸಣ್ಣದಕ್ಕೆ..." ಎಂದು ಬಾಯಿಗೆ ಬಂದದ್ದನ್ನು ನುಂಗಿ, "ಆಮೇಲೆ ತಿದ್ತೀನಿ ಮೇಡಂ," ಎಂದಳು ಬಿರುಗಾಳಿ. ಯಾವುದೋ ಮಗುವಿಗೆ ಮೂಗಿನಲ್ಲಿ ರಕ್ತ ಬಂತೆಂದು ಕೂಗು ಕೇಳಿತು. ತೆರೆದ ಕಡತವನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಓಡಿದಳು.

ಅವಳು ತಿರುಗಿ ಬರುವಷ್ಟರಲ್ಲಿ ಮೇಜಿನ ಮುಂದೆ ಗುಬ್ಬಿಯ ಅಪ್ಪ ನಿಂತಿದ್ದ. ದರ್ಜಿ. ಅವಸರದಲ್ಲಿ ಹೊರಟವನು ಕೊರಳಿನ ಅಳತೆ ಟೇಪನ್ನೂ ತೆಗೆದಿಡಲು ಮರೆತಿದ್ದ. ಮಗಳು ಆಸ್ಪತ್ರೆಗೆ ಸೇರಿದ ದಿನದಿಂದ ಅಂಗಡಿಗೆ ಬಂದವರಿಗೆಲ್ಲ "ಅತ್ತೆ ಮನೆಗೆ ಹೋಗಿದ್ದಾಳೆ" ಎನ್ನುತ್ತಿದ್ದ. ಇವತ್ತು ಬೆಳಿಗ್ಗೆ ಒಬ್ಬಾಕೆ, "ಯಾವ ಅತ್ತೆ ಮನೆಗೆ? ನಿಮ್ಮ ತಂಗಿ ನಿನ್ನೆ ಸಂತೆಯಲ್ಲಿ ಸಿಕ್ಕಿ, ಗುಬ್ಬಿ ಚೆನ್ನಾಗಿದ್ದಾಳಾ ಅಂತ ನನ್ನನ್ನೇ ಕೇಳಿದ್ರಲ್ಲ!" ಎಂದುಬಿಟ್ಟಿದ್ದಳು. ಪಾಪ, ಅವನಿಗೆ ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತ್ತು. ಅಂಗಡಿಯ ಬಾಗಿಲು ಎಳೆದು ನೇರ ಇಲ್ಲಿಗೆ ಬಂದಿದ್ದ.

"ಮಗಳನ್ನ ಕರ್ಕೊಂಡು ಹೋಗೋಕೆ ಬಂದೆ ಸಿಸ್ಟರ್. ಬಂದದ್ದೂ ಒಳ್ಳೇದೇ ಆಯ್ತು," ಎಂದು ಕಡತದ ಮೇಲೆ ಬೆರಳಿಟ್ಟ. "ಡಾಕ್ಟರ್ ಕಾಯಿಲೆ ಅಂತಾರೆ. ನೀವು ದಿನವಿಡೀ ಜೊತೆಗಿರೋರು, ಹಟ ಅಂತ ಬರೆದಿದ್ದೀರಿ. ಹಟಕ್ಕೆ ಮಾತ್ರೆ ಯಾಕೆ, ವಾರ್ಡ್ ಯಾಕೆ? ಎರಡೇಟು ಬಿದ್ರೆ ನೆಟ್ಟಗಾಗ್ತಾಳೆ ಅಂತ ನಮ್ಮಮ್ಮ ಮೊದಲಿಂದ ಹೇಳ್ತಾನೇ ಇದ್ದಾರೆ."

ಎರಡೇಟು. ತನ್ನ ಬಾಯಿಂದ ಬಂದ ಮಾತೇ ಇನ್ನೊಬ್ಬರ ಬಾಯಿಂದ ಕೇಳಿದಾಗ ಎಷ್ಟು ಕೆಟ್ಟದಾಗಿತ್ತು! ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಬರೆದದ್ದು ಇನ್ನೂ ಕೆಟ್ಟದ್ದು, ರುಜುವಿನ ಸಮೇತ ಎದುರು ಬಂದು ನಿಲ್ಲುತ್ತದೆ. ನಿನ್ನೆಯಷ್ಟೇ ಡಾಕ್ಟರ್ ಹೇಳಿದ್ದರು, ಚಿಕಿತ್ಸೆ ಈಗ ಶುರುವಾಗಿದೆ, ಇನ್ನೆರಡು ವಾರವಾದರೂ ಇಲ್ಲಿರಬೇಕು, ನಡುವೆ ಬಿಟ್ಟರೆ ಹುಡುಗಿ ಮತ್ತೆ ಕೋಣೆ ಸೇರುತ್ತಾಳೆ ಎಂದು. ಮನೆಯಲ್ಲಿ ಮೂರು ತಿಂಗಳು ಕೋಣೆಯ ಬಾಗಿಲು ದಾಟಲಾಗದೆ ಅವಳ ಶಾಲೆ ತಪ್ಪಿತ್ತು. ಈಗ ಆ ಮಗುವಿನ ಚಿಕಿತ್ಸೆ ತಾನು ಗೀಚಿದ ಎರಡಕ್ಷರಕ್ಕೆ ಸಿಕ್ಕಿ ನಿಲ್ಲುವುದರಲ್ಲಿತ್ತು.

ಬಿರುಗಾಳಿ ಪೆನ್ನು ತೆಗೆದು ಅವನ ಎದುರೇ ಆ ಸಾಲಿನ ಮೇಲೆ ಗೆರೆ ಎಳೆದು ರುಜು ಹಾಕಿದಳು. "ಇದು ನನ್ನ ತಪ್ಪು ಅಣ್ಣ. ಗೊತ್ತಿಲ್ಲದ್ದನ್ನ ಗೊತ್ತಿದ್ದೋರ ಹಾಗೆ ಬರೆದುಬಿಟ್ಟೆ."

"ಯಾರೋ ಬೈದಿರ್ತಾರೆ, ಅದಕ್ಕೆ ತಿದ್ದಿದ್ರಿ."

"ಬೈದದ್ದೂ ನಿಜ," ಎಂದು ಒಪ್ಪಿಕೊಂಡಳು. ಅವಳ ಕಣ್ಣು ಅವನ ಕೊರಳಿನ ಟೇಪಿನ ಮೇಲೆ ಬಿತ್ತು. "ನಿಮ್ಮ ಅಂಗಡಿಗೆ ದಪ್ಪಗಿರೋರು ಬಂದ್ರೆ ಪುಸ್ತಕದಲ್ಲಿ ಏನಂತ ಬರೀತೀರಿ? ದಪ್ಪ ಅಂತಲಾ?"

"ದಪ್ಪ ಅಂತ ಬರ್ಕೊಂಡು ಪ್ಯಾಂಟ್ ಹೊಲಿಯೋದು ಹೇಗೆ? ಸೊಂಟ ನಲವತ್ತೆರಡು ಅಂತ ಬರೀತೀನಿ."

"ಹಾಗಿದ್ರೆ ನಿಮಗೆ ನನಗಿಂತ ಚೆನ್ನಾಗಿ ಈ ಕೆಲಸ ಬರುತ್ತೆ. ಹನ್ನೊಂದೂವರೆಗೆ ಮಕ್ಕಳು ಅಂಗಳಕ್ಕೆ ಹೋಗ್ತಾರೆ, ಗುಬ್ಬಿ ಆ ಬಾಗಿಲು ದಾಟಬೇಕು. ಅರ್ಧ ಗಂಟೆ ಕೂತು ಕಂಡದ್ದನ್ನಷ್ಟೇ ಬರೀರಿ. ನಾನೂ ಬರೀತೀನಿ. ಆಮೇಲೂ ಹಟ ಅಂತಲೇ ಅನ್ನಿಸಿದ್ರೆ ಡಾಕ್ಟರನ್ನ ನಾನೇ ಕರೀತೀನಿ, ಅವರಿಗೇ ಹೇಳಿ ಹೊರಡಿ."

ಹನ್ನೊಂದೂವರೆಗೆ ಗುಬ್ಬಿ ಅಂಗಳದ ಹೊಸ್ತಿಲಿಗೆ ಬಂದಾಗ ಅವನು ಗೊಣಗುತ್ತಲೇ ಎದುರಿನ ಬೆಂಚಿನ ಮೇಲೆ ಕೂತು, ಜೇಬೆಲ್ಲ ತಡಕಾಡಿ ಕೊನೆಗೆ ಕಿವಿಯ ಮೇಲಿನ ಪೆನ್ಸಿಲು ತೆಗೆದ. ಒಂಬತ್ತು ವರ್ಷದಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಅಭ್ಯಾಸವಿಲ್ಲದ ಬಿರುಗಾಳಿಗೆ ಮೊದಲ ಐದು ನಿಮಿಷ ಕಾಲು ಕುಣಿಯುತ್ತಲೇ ಇತ್ತು. ಆಮೇಲೆ ನಿಂತಿತು. ಯಾಕೆಂದರೆ ಅವಳು ನೋಡತೊಡಗಿದ್ದಳು. ಹುಡುಗಿಯ ಹಣೆಯ ಮೇಲೆ ಬೆವರಿತ್ತು. ಹಿಂದಕ್ಕೆ ಹೋಗುವಾಗಲೆಲ್ಲ ಮೊದಲು ಅಪ್ಪನ ಕಡೆ ನೋಡುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಬೆಳಿಗ್ಗೆ ಇದೊಂದೂ ಅವಳಿಗೆ ಕಂಡಿರಲಿಲ್ಲ.

ಅಪ್ಪ ಬರೆಯುತ್ತಿದ್ದವನು ಪೆನ್ಸಿಲು ನಿಲ್ಲಿಸಿದ. ಚೀಟಿಯಲ್ಲಿ ಇಷ್ಟಿತ್ತು: "ಬಲಗಾಲು ಒಂಬತ್ತು ಸಲ. ಕಣ್ಣಲ್ಲಿ ನೀರು. ಬರಬೇಕು ಅಂತಿದ್ದಾಳೆ. ಬರೋಕಾಗ್ತಿಲ್ಲ."

"ಒಂಬತ್ತಲ್ಲ ಅಪ್ಪಾ, ಹನ್ನೊಂದು," ಎಂದಳು ಗುಬ್ಬಿ, ಅವನು ಓದಿ ಹೇಳಿದಾಗ. "ಮೊದಲಿನೆರಡು ನೀನು ಪೆನ್ಸಿಲು ಹುಡುಕ್ತಿದ್ದೆ."

ಅಪ್ಪನಿಗೆ ನಗು ಬಂತು, ಜೊತೆಗೆ ಅಳುವೂ ಬಂತು. ಮೂರು ತಿಂಗಳಿಂದ ಅವಳಿಗೆ 'ಬಾ' ಎಂದೇ ಹೇಳುತ್ತಿದ್ದವನು ಮೊದಲ ಸಲ ಕೇಳಿದ: "ಬಾಯಲ್ಲಿ ಏನೋ ಹೇಳ್ಕೊಳ್ತೀಯಲ್ಲ ಮಗಳೇ, ಏನದು?"

ಹುಡುಗಿ ತಲೆ ತಗ್ಗಿಸಿದಳು. "ನಿನ್ನ ಹೆಸರು. ದಾಟುವಾಗ ಕೆಟ್ಟ ಯೋಚನೆ ಬಂದ್ರೆ ನಿನಗೆ ಏನೋ ಆಗುತ್ತೆ ಅನ್ಸುತ್ತೆ. ಅದಕ್ಕೆ ವಾಪಸ್ ಹೋಗಿ ಸರಿಯಾಗಿ ದಾಟ್ತೀನಿ. ಸುಳ್ಳು ಅಂತ ಗೊತ್ತಪ್ಪಾ. ಗೊತ್ತಿದ್ರೂ ಭಯ ಹೋಗಲ್ಲ."

ಮನೆಮಂದಿಯೆಲ್ಲ ಹಟಮಾರಿ ಎಂದ ಮಗಳು ಇಷ್ಟು ದಿನ ಅಪ್ಪನನ್ನೇ ಕಾಯುತ್ತ ಹೊಸ್ತಿಲಲ್ಲಿ ನಿಂತಿದ್ದಳು. ಅವನು ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡ. "ಏನೂ ಆಗಲ್ಲ ಕಣೇ" ಎನ್ನಲು ಬಾಯಿ ತೆರೆದವನನ್ನು ಬಿರುಗಾಳಿ ಕೈಸನ್ನೆಯಿಂದ ತಡೆದಳು. ಹಾಗೆ ಅನ್ನಬಾರದು, ಅಂದರೆ ಪ್ರತಿ ಸಲವೂ ಆ ಮಾತೇ ಬೇಕಾಗುತ್ತದೆ, ಭಯ ತಾನಾಗಿ ಇಳಿಯುವುದನ್ನು ಹುಡುಗಿಯೇ ಕಾಣಬೇಕು ಎಂದು ಡಾಕ್ಟರ್ ಹೇಳಿದ್ದರು. ಬೆಳಿಗ್ಗೆಯ ಎಳೆದಾಟದಲ್ಲಿ ಬಿರುಗಾಳಿ ಅದನ್ನೇ ಮರೆತಿದ್ದಳು.

ಬಾಗಿಲಿನಾಚೆ ಒಂದು ಮಾರು ದೂರದಲ್ಲಿ ನಿಂತು ಅವಳು ಕೈ ಕಟ್ಟಿಕೊಂಡಳು. "ಬೆಳಿಗ್ಗೆ ನಿನ್ನನ್ನ ಎಳೆದದ್ದು ತಪ್ಪಾಯ್ತು ಗುಬ್ಬಿ. ಈಗ ಎಳೆಯಲ್ಲ. ಒಂದೇ ಸಲ ದಾಟು, ವಾಪಸ್ ಹೋಗಬೇಡ. ಭಯ ಎಷ್ಟಿದೆ ಅಂತ ಮಾತ್ರ ಹೇಳ್ತಿರು."

ಗುಬ್ಬಿ ದಾಟಿದಳು. ಹಿಂದಕ್ಕೆ ತಿರುಗಿದ ಕಾಲನ್ನು ತಾನೇ ತಡೆದು ನಿಂತಳು. "ಹತ್ತಕ್ಕೆ ಒಂಬತ್ತು," ಎಂದಳು. ಅಪ್ಪ ತುಟಿ ಕಚ್ಚಿಕೊಂಡು ಕೂತ. ಎಷ್ಟೋ ಹೊತ್ತಿನ ಮೇಲೆ "ಏಳು" ಎಂದಳು. ಅಂಗಳದಲ್ಲಿ ಚೆಂಡು ಪುಟಿಯುವ ಸದ್ದು ಬರುತ್ತಿತ್ತು. "ನಾಲ್ಕು ಸಿಸ್ಟರ್, ನಾಲ್ಕೇ!" ಎಂದವಳು ಅಂಗಳದ ಕಡೆ ನಡೆದಳು. ದರ್ಜಿ ಬೆಂಚಿನಿಂದ ಎದ್ದ. ಕರೆದುಕೊಂಡು ಹೋಗುವ ಮಾತು ಅವನೂ ಎತ್ತಲಿಲ್ಲ, ಬಿರುಗಾಳಿಯೂ ಕೇಳಲಿಲ್ಲ.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಗಿರಾಕಿ. ಅಂಗಡಿ ಯಾಕೆ ಮುಚ್ಚಿದೆ ಎಂದು ಗದರುವ ದನಿ ಬಿರುಗಾಳಿಗೂ ಕೇಳಿಸಿತು. ದರ್ಜಿ ಅಂಗಳದ ಕಡೆ ಒಮ್ಮೆ ನೋಡಿದ.

"ಆಸ್ಪತ್ರೇಲಿದ್ದೀನಿ ಸ್ವಾಮಿ. ಮಕ್ಕಳ ಮನೋರೋಗದ ವಾರ್ಡು. ಹೌದು, ನಮ್ಮ ಗುಬ್ಬೀನೇ. ಅತ್ತೆ ಮನೆ ಅಂದದ್ದು ಸುಳ್ಳು. ಇನ್ನೆರಡು ವಾರ ಇಲ್ಲೇ ಇರ್ತಾಳೆ, ವಾಸಿಯಾಗ್ತಿದೆ."

ಗಿರಾಕಿ ಕೈತಪ್ಪಿದ ಎಂದುಕೊಂಡು ದರ್ಜಿ ಫೋನು ಇಳಿಸುವುದರಲ್ಲಿದ್ದ. ಆಗ ಆ ಗದರುವ ದನಿ ಪಿಸುಮಾತಿಗೆ ಇಳಿದು ಏನೋ ಕೇಳಿತು. ದರ್ಜಿ ಫೋನನ್ನು ಅಂಗೈಯಿಂದ ಮುಚ್ಚಿ ಬಿರುಗಾಳಿಯ ಕಡೆ ತಿರುಗಿದ.

"ಸಿಸ್ಟರ್, ಇವರ ಅಕ್ಕನ ಮಗಳಂತೆ. ಒಂದು ವರ್ಷದಿಂದ ಶಾಲೆಗೆ ಹೋಗಿಲ್ವಂತೆ, ಯಾರ ಹತ್ರಾನೂ ಹೇಳ್ಕೊಂಡಿಲ್ವಂತೆ. ಇಲ್ಲಿಗೆ ಯಾವತ್ತು ಕರ್ಕೊಂಡು ಬರಬಹುದು ಅಂತ ಕೇಳ್ತಿದ್ದಾರೆ."